ನಾವಿಬ್ಬರೂ ಪಟ್ಟಿಯಿಂದ ತೆಗೆದ ಆಲ್ಬಮ್

ತುಮಕೂರಿನಲ್ಲಿ ನಮ್ಮ ಅಬ್ಬನದು ಕನ್ನಡಕದ ಅಂಗಡಿ. ಡಿಪ್ಲೊಮಾ ಮುಗಿಸಿದ ಮೇಲೆ ನಾನೂ ಅಲ್ಲೇ ಕೂತೆ. ಮುಂದೆ ಕೌಂಟರಿನಲ್ಲಿ ಅಬ್ಬ, ಹಿಂದಿನ ಸಣ್ಣ ರೂಮಿನಲ್ಲಿ ಲೆನ್ಸ್ ಉಜ್ಜುವ ಮಿಷನ್ನಿನ ಜೊತೆ ನಾನು. ಕಣ್ಣು ಪರೀಕ್ಷೆ ಮಾಡಲು ಒಬ್ಬರು ಬೇಕು ಎಂದು ಅಬ್ಬ ವಿಚಾರಿಸುತ್ತಿದ್ದಾಗ ಗುಬ್ಬಿಯಿಂದ ಅವಳು ಬಂದಳು. ನನ್ನದೇ ವಯಸ್ಸು. ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ವಾಪಸ್ ಹೋಗುತ್ತಿದ್ದಳು. ಇದು ಸುಮಾರು ಹತ್ತು ವರ್ಷದ ಹಿಂದಿನ ಮಾತು.

ಲೆನ್ಸ್ ಫಿಟ್ ಮಾಡುವಾಗ ನಾನು ಫೋನಿನಲ್ಲಿ ಸಿನಿಮಾ ಹಾಡು ಹಾಕಿಕೊಳ್ಳುತ್ತಿದ್ದೆ. ಅವಳು ಮೂರು ದಿನ ಸುಮ್ಮನೆ ಕೇಳಿಸಿಕೊಂಡಳು. ನಾಲ್ಕನೆಯ ದಿನ ಊಟದ ಡಬ್ಬಿ ಬಿಚ್ಚುತ್ತಾ, "ನಿಂಗೆ ಬೇರೆ ಹಾಡೇ ಗೊತ್ತಿಲ್ವೇನೇ?" ಎಂದಳು.

"ಬೇರೆ ಅಂದ್ರೆ? ಭಾವಗೀತೆನಾ?"

"ಅಯ್ಯೋ ಬುಡು. ತಗೋ, ಇದನ್ನ ಕೇಳು" ಎಂದು ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದು ಅವಳ ಎಡ ಕಿವಿಯಲ್ಲಿತ್ತು.

ಒಬ್ಬಳು ಹುಡುಗಿ ಗಿಟಾರ್ ಹಿಡಿದು ಹಾಡುತ್ತಿದ್ದಳು. ಹಾಸ್ಟೆಲ್ ರೂಮಿನಲ್ಲಿ ಕೂತು ಫೋನಿನಲ್ಲೇ ರೆಕಾರ್ಡ್ ಮಾಡಿದ್ದಂತೆ. ಹಾಡಿನ ಹಿಂದೆ ಫ್ಯಾನು ತಿರುಗುವ ಸದ್ದು ಇತ್ತು. ಮೂರನೆಯ ಹಾಡಿನ ನಡುವೆ ಎಲ್ಲೋ ಕುಕ್ಕರ್ ಕೂಗಿತು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಕುಕ್ಕರ್ ಕೂಗ್ದಾಗ ಅವ್ಳು ನಿಲ್ಲಿಸ್ಲಿಲ್ಲ ನೋಡು. ಸೀಟಿ ಯಾವ ಸ್ವರದಲ್ಲಿತ್ತೋ ಮುಂದಿನ ಸಾಲು ಅಲ್ಲಿಂದ್ಲೇ ಎತ್ಕೊಂಡ್ಳು. ಇನ್ನೊಂದ್ಸಲ ಕೇಳು."

ಮತ್ತೆ ಕೇಳಿದೆ. ನಿಜವಾಗಿಯೂ ಹಾಗೇ ಇತ್ತು. ಅವತ್ತಿನವರೆಗೆ ನಾನು ಹಾಡನ್ನು ಕೇಳುತ್ತಿದ್ದೆ, ಗಮನಿಸುತ್ತಿರಲಿಲ್ಲ.

ಇಂಥದ್ದಕ್ಕೆ ಇಂಡೀ ಅಂತಾರೆ ಎಂದು ಅವಳೇ ಹೇಳಿಕೊಟ್ಟಳು. ಸಿನಿಮಾ ಇಲ್ಲ, ಹೀರೋ ಇಲ್ಲ, ಹಿಂದೆ ಯಾವ ಕಂಪನಿಯೂ ಇಲ್ಲ. ಯಾರೋ ತಾವೇ ಬರೆದು, ತಾವೇ ಹಾಡಿ, ತಾವೇ ನೆಟ್ಟಿಗೆ ಹಾಕಿದ್ದು. ಐವತ್ತು ಜನ ಕೇಳಿದರೆ ಅದೇ ಹೆಚ್ಚು. ಅವಳ ಅಜ್ಜ ಹಿಂದೆ ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಚಿಕ್ಕವಳಿದ್ದಾಗ ಇವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರ್ಮೋನಿಯಂನ ಒಂದು ಮನೆ ಒತ್ತಿ, "ಈ ಸ್ವರ ಹೇಳು" ಎನ್ನುತ್ತಿದ್ದರಂತೆ. ಕೂದಲೆಳೆಯಷ್ಟು ಆಚೀಚೆಯಾದರೂ ಊಟಕ್ಕೆ ಏಳುವ ಹಾಗಿರಲಿಲ್ಲ. "ನಮ್ಮಜ್ಜನ ದೆಸೆಯಿಂದ ಎಷ್ಟೋ ದಿನ ತಣ್ಣಗಿರೋ ಮುದ್ದೆ ತಿಂದಿದೀನಿ ಕಣೇ" ಎನ್ನುತ್ತಿದ್ದಳು. ಅಂಥ ಕಿವಿ ಅವಳದು. ಬೀದಿಯಲ್ಲಿ ಆಟೋ ಹಾರನ್ ಹೊಡೆದರೂ ಯಾವ ಸ್ವರ ಎಂದು ಹೇಳುತ್ತಿದ್ದಳು.

ಅಬ್ಬನಿಗೆ ಹಾಡಿನ ಮೇಲೆ ಪ್ರೀತಿಯೂ ಇರಲಿಲ್ಲ, ಕೋಪವೂ ಇರಲಿಲ್ಲ. "ಮಿಷನ್ ಓಡ್ತಿರುವಾಗ ಮಾತ್ರ ಬೇಡ, ಬೆರಳು ಹೋಗ್ತದೆ" ಎನ್ನುವುದೊಂದೇ ಅವರ ಷರತ್ತು. ಹಾಗಾಗಿ ನಮಗೆ ಸಿಗುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತು. ಮಿಷನ್ ಆಫ್ ಮಾಡಿ, ಲೆನ್ಸಿನ ಪುಡಿ ಒರೆಸಿ, ಎರಡು ಸ್ಟೂಲು ಹತ್ತಿರ ಎಳೆದುಕೊಂಡು ಕೂರುತ್ತಿದ್ದೆವು. ಎಡಗಡೆಯದು ಅವಳಿಗೆ, ಬಲಗಡೆಯದು ನನಗೆ. ವೈರು ಗಿಡ್ಡವಾದ್ದರಿಂದ ಒಬ್ಬರು ಸಾರಿಗೆ ಕೈ ಚಾಚಿದರೆ ಇನ್ನೊಬ್ಬರ ತಲೆಯೂ ಆ ಕಡೆ ವಾಲುತ್ತಿತ್ತು.

ಅವಳೇ ಒಂದು ಕಾನೂನು ಮಾಡಿದಳು. ಪ್ರತಿ ಡಿಸೆಂಬರಿನಲ್ಲಿ ನಾವು ಒಂದೇ ಒಂದು ಆಲ್ಬಮ್ ಆರಿಸಬೇಕು. ಇಬ್ಬರೂ ಒಪ್ಪಬೇಕು. ಒಬ್ಬರು ಒಪ್ಪದಿದ್ದರೆ ಅದು ಪಟ್ಟಿಯಲ್ಲಿ ಇಲ್ಲ. ಹತ್ತು ವರ್ಷ ಹೀಗೆ ಮಾಡಿ, ಹತ್ತು ಆಲ್ಬಮ್ ಆದ ಮೇಲೆ ಒಂದು ದಿನ ರಜೆ ಹಾಕಿ ಎಲ್ಲವನ್ನೂ ಒಂದರ ಹಿಂದೆ ಒಂದು ಕೇಳಬೇಕು. ಕಣ್ಣಿನ ನಂಬರ್ ಬರೆಯುವ ದೊಡ್ಡ ಹಾಳೆಯೊಂದನ್ನು ಲೆನ್ಸ್ ಇಡುವ ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆವು. ಆಲ್ಬಮ್‌ಗಳ ನಿಜವಾದ ಹೆಸರನ್ನು ಅದರಲ್ಲಿ ಬರೆಯಲೇ ಇಲ್ಲ. ಮೊದಲನೆಯ ಸಾಲಿನಲ್ಲಿ ಅವಳು 'ಕುಕ್ಕರ್' ಎಂದು ಬರೆದಳು.

ಎರಡನೆಯ ವರ್ಷದ್ದು 'ಕೋತಿ'. ಅದರಲ್ಲಿ ಮಾತೇ ಇರಲಿಲ್ಲ. ಯಾರೋ ಒಬ್ಬರು ಮುಕ್ಕಾಲು ಗಂಟೆ ಕೊಳಲು ನುಡಿಸಿದ್ದರು. ದೂರದಲ್ಲಿ ಎಲ್ಲೋ ಬಸ್ಸು ಹೋಗುವ ಸದ್ದು. ಇದನ್ನು ಅಂಗಡಿಯಲ್ಲಿ ಕೇಳುವುದು ಪಾಪ ಎಂದು ಅವಳು ಹಟ ಹಿಡಿದಳು. ಒಂದು ಭಾನುವಾರ ಇಬ್ಬರೂ ದೇವರಾಯನದುರ್ಗದ ಬಸ್ಸು ಹತ್ತಿದೆವು. ಅವಳು ದೇವಸ್ಥಾನಕ್ಕೆ ಹೋಗಿ ಬರುವವರೆಗೆ ನಾನು ಮೆಟ್ಟಿಲ ಹತ್ತಿರ ಚಪ್ಪಲಿ ಕಾಯ್ದೆ. ಆಮೇಲೆ ಒಂದು ಬಂಡೆಯ ಮೇಲೆ ಕೂತು ಕೇಳತೊಡಗಿದೆವು. ಕಣ್ಣು ಮುಚ್ಚಿದ್ದೆವು. ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಒಂದು ಕೋತಿ ಹಿಂದಿನಿಂದ ಬಂದು ಇಯರ್‌ಫೋನನ್ನು ಕಿತ್ತುಕೊಂಡು ಮರ ಹತ್ತಿತು. "ಏ, ಕೊಡ್ಲಾ ಅದ್ನ!" ಎಂದು ಅವಳು ಕೂಗಿದ ರಭಸಕ್ಕೆ ದರ್ಶನಕ್ಕೆ ಬಂದವರೆಲ್ಲ ತಿರುಗಿ ನೋಡಿದರು. ಕೋತಿ ವೈರನ್ನು ಕಚ್ಚಿ ರುಚಿ ನೋಡಿ ಕೆಳಗೆ ಎಸೆಯಿತು. ಕೊನೆಯ ನಾಲ್ಕು ನಿಮಿಷವನ್ನು ಫೋನಿನ ಸ್ಪೀಕರಿನಲ್ಲೇ ಕೇಳಿದೆವು. ಈಗಲೂ ಆ ಆಲ್ಬಮ್ ಕೇಳಿದರೆ ಕೊನೆಯ ನಾಲ್ಕು ನಿಮಿಷ ಬಯಲಿನಲ್ಲಿ ನುಡಿಸಿದ ಹಾಗೆ ನನಗೆ ಅನ್ನಿಸುತ್ತದೆ.

ಮೂರನೆಯದು 'ಫ್ಯಾಕ್ಟರಿ'. ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಒಬ್ಬರು ಕಣ್ಣಿಗೆ ಕಿಡಿ ಹಾರಿ ಕನ್ನಡಕಕ್ಕೆ ಬಂದಿದ್ದರು. ಅವಳು ಚಾರ್ಟ್ ತೋರಿಸಿ "ಓದಿ ಸರ್" ಎಂದಾಗ ಅವರು ಅಕ್ಷರಗಳನ್ನು ರಾಗ ಎಳೆದು ಓದಿದರು. "ನೀವು ಹಾಡ್ತೀರಾ?" ಎಂದು ಇವಳು ಕೇಳಿದಳು. ಅವರು ನಾಚಿಕೊಂಡು, ರೂಮಿನಲ್ಲಿರುವ ಮೂವರು ಸೇರಿ ಎಂಟು ಹಾಡು ಮಾಡಿ ನೆಟ್ಟಿಗೆ ಹಾಕಿದ್ದೇವೆ, ಯಾರೂ ಕೇಳಿಲ್ಲ ಎಂದರು. ಪ್ರೆಸ್ ಮಿಷನ್ನಿನ ಬಡಿತವನ್ನೇ ತಾಳ ಮಾಡಿಕೊಂಡಿದ್ದರು. ನಮ್ಮ ಕಡೆಯ ಮಾತು, 'ಬಂದವ್ನೆ, ಹೋದವ್ನೆ' ಎಲ್ಲ ಹಾಡಿನಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವರು ಕನ್ನಡಕ ತೆಗೆದುಕೊಳ್ಳಲು ಬಂದ ದಿನ ಅವಳು ಎರಡನೆಯ ಹಾಡನ್ನು ಪೂರ್ತಿ ಹಾಡಿ ತೋರಿಸಿದಳು. ಆ ಮನುಷ್ಯ ಕೌಂಟರಿನ ಮುಂದೆ ನಿಂತು ಹೊಸ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಅಬ್ಬ ಪವರ್ ಸರಿಯಾಗಿಲ್ಲವೇನೋ ಎಂದು ಗಾಬರಿಯಾದರು.

ನಾಲ್ಕನೆಯ ವರ್ಷ ಎಲ್ಲ ಕೆಟ್ಟಿತು.

ಆ ವರ್ಷ ನಾನೇ ಮೊದಲ ಬಾರಿಗೆ ಒಂದು ಆಲ್ಬಮ್ ಹುಡುಕಿದ್ದೆ. ಅಲ್ಲಿಯವರೆಗೆ ಹುಡುಕುತ್ತಿದ್ದದ್ದು ಅವಳು, ಒಪ್ಪುತ್ತಿದ್ದದ್ದು ನಾನು. ಇದು ನಲವತ್ತು ದಾಟಿದ ಹೆಂಗಸೊಬ್ಬರದು. ಶಾಲೆಯಲ್ಲಿ ಟೀಚರಂತೆ, ಮೊದಲ ಆಲ್ಬಮ್ಮಂತೆ. ಅವರ ದನಿ, ಜೊತೆಗೆ ಒಂದು ಪಿಟೀಲು, ಬೇರೇನಿಲ್ಲ. ಮೂರು ದಿನ ಒಬ್ಬಳೇ ಕೇಳಿ, ಇವಳಿಗೆ ಕೇಳಿಸಲು ಕಾದಿದ್ದೆ. ಮಧ್ಯಾಹ್ನ ಸ್ಟೂಲು ಎಳೆದುಕೊಂಡು ಕೂತೆವು. ಮೊದಲ ಹಾಡು ಅರ್ಧವಾಗುವಷ್ಟರಲ್ಲಿ ಅವಳು ಹುಬ್ಬು ಗಂಟಿಕ್ಕಿದಳು. ಅವಳ ತುದಿಯನ್ನು ತೆಗೆದು ಬಲ ಕಿವಿಗೆ ಇಟ್ಟುಕೊಂಡಳು. ಮತ್ತೆ ಎಡ ಕಿವಿಗೆ ತಂದಳು. ಆಮೇಲೆ ಪೂರ್ತಿ ಕಿತ್ತು ನನ್ನ ಮಡಿಲಿಗೆ ಹಾಕಿದಳು.

"ಅಪಸ್ವರ ಕಣೇ. ಪಿಟೀಲು ಒಂದ್ಕಡೆ, ದನಿ ಒಂದ್ಕಡೆ."

"ನಂಗೆ ಸರಿಯಾಗೇ ಕೇಳ್ತಿದ್ಯಲ್ಲ."

"ನಿನ್ದು ಸಿನಿಮಾ ಕಿವಿ. ನಿಂಗೇನ್ ಗೊತ್ತಾಗ್ತದೆ?"

ಅವಳು ಹಾಗೆಲ್ಲ ಮಾತಾಡುವವಳಲ್ಲ. ನನಗೆ ತುಂಬಾ ನೋವಾಯಿತು. ಆದರೆ ಅವಳ ಕಿವಿಯ ಮುಂದೆ ನನ್ನ ಕಿವಿ ಏನು ಎಂದು ನನಗೇ ಅನ್ನಿಸಿತು. ಆಸೆಯಿಂದ ನಾನು ಮೊದಲೇ ಪಟ್ಟಿಯಲ್ಲಿ 'ಟೀಚರ್' ಎಂದು ಬರೆದಿಟ್ಟಿದ್ದೆ. ಬೀರು ತೆರೆದು ಅದರ ಮೇಲೆ ಗೀಟು ಎಳೆದೆ. ಅವಳು ನೋಡುತ್ತಾ ನಿಂತಿದ್ದಳು, ಬೇಡ ಎನ್ನಲಿಲ್ಲ. ಆ ಆಲ್ಬಮ್ಮನ್ನು ನಾನು ಮತ್ತೆ ಹಾಕಲಿಲ್ಲ. ಅವಳು ಅಪಸ್ವರ ಎಂದದ್ದನ್ನು ಇಷ್ಟಪಡಲು ನನಗೆ ನಾಚಿಕೆಯಾಗುತ್ತಿತ್ತು.

ಸುಮಾರು ಎರಡು ತಿಂಗಳ ಮೇಲೆ ಅಬ್ಬ ನನ್ನನ್ನು ಕರೆದು ಮೆಲ್ಲಗೆ ಹೇಳಿದರು: "ಬೇಟಿ, ಆ ಹುಡುಗಿಗೆ ಕಿವಿ ತೋರಿಸಬೇಕು. ಗಿರಾಕಿಗಳು ಒಂದು ಹೇಳಿದರೆ ಇನ್ನೊಂದು ಬರೆಯುತ್ತಾ ಇದಾಳೆ."

ನನಗೆ ನಂಬಿಕೆ ಬರಲಿಲ್ಲ. ಆದರೆ ಗಮನಿಸತೊಡಗಿದ ಮೇಲೆ ಎಲ್ಲ ಕಂಡಿತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಮಾತಾಡುವವರ ಬಾಯಿಯನ್ನೇ ನೋಡುತ್ತಿದ್ದಳು. ಇಯರ್‌ಫೋನಿನ ವಾಲ್ಯೂಮ್ ನಾನು ಇಳಿಸಿದಷ್ಟೂ ಅವಳು ಏರಿಸುತ್ತಿದ್ದಳು.

ಆಸ್ಪತ್ರೆಗೆ ನಾನೂ ಹೋದೆ. ಗಾಜಿನ ಗೂಡಿನೊಳಗೆ ಅವಳನ್ನು ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬಟನ್ ಒತ್ತಲು ಹೇಳಿದರು. ದಿನಾ ಬೇರೆಯವರಿಗೆ "ಇದು ಚೆನ್ನಾಗಿ ಕಾಣ್ತಾ ಇದ್ಯಾ, ಅದಾ?" ಎಂದು ಕೇಳುವವಳು ಅವತ್ತು ಗಾಜಿನ ಆಚೆ ಕೂತಿದ್ದಳು. ನಾನು ಹೊರಗಿನಿಂದ ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಎಷ್ಟೋ ಹೊತ್ತು ಅದು ಒತ್ತಲೇ ಇಲ್ಲ. ಒಳಗಿವಿಯ ನರ ಸೋಲುತ್ತಿದೆ, ಎರಡೂ ಕಿವಿಯಲ್ಲಿ, ಎಡಗಡೆ ಹೆಚ್ಚು, ಕಾರಣ ಹೇಳಲಾಗದು ಎಂದರು ಡಾಕ್ಟರು. ಕಿವಿಗೆ ಮಿಷನ್ ಹಾಕಿದರೆ ಮಾತು ಕೇಳುತ್ತದೆ. ಸಂಗೀತದ ವಿಷಯ ಅವಳು ಕೇಳಿದ್ದಕ್ಕೆ, "ನೋಡೋಣಮ್ಮ" ಎಂದರು. ಆ ಮಾತಿನ ಅರ್ಥ ಇಬ್ಬರಿಗೂ ಗೊತ್ತಾಯಿತು. ವಾಪಸ್ ಬರುವಾಗ ಆಟೋದಲ್ಲಿ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ನನ್ನ ಬುರ್ಖಾದ ತೋಳನ್ನು ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಬಂದಳು, ಅಷ್ಟೇ.

ಮುಂದಿನ ವರ್ಷ ಅವಳ ಮದುವೆಯಾಯಿತು. ಹುಡುಗನದು ಕುಣಿಗಲ್, ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ನೋಡಲು ಬಂದಾಗ ಇವಳೇ ಕಿವಿಯ ಮಿಷನ್ ತೆಗೆದು ತಟ್ಟೆಯ ಪಕ್ಕ ಇಟ್ಟು, "ಇದಿಲ್ದೆ ನಂಗೆ ಕೇಳಲ್ಲ, ಮುಂದೆ ಇದಿದ್ರೂ ಕೇಳ್ದೆ ಹೋಗಬಹುದು" ಎಂದಳಂತೆ. ಆತ, "ಗಿರಣೀಲಿ ನಾವೆಲ್ಲ ಅರ್ಧ ಕಿವುಡ್ರೇ ಕಣ್ರೀ" ಎಂದರಂತೆ. ಇದನ್ನು ನನಗೆ ಹೇಳುವಾಗ ಅವಳು ತುಂಬಾ ದಿನದ ಮೇಲೆ ನಕ್ಕಳು. ಆಗಲೇ ನನಗೆ ಆ ಮನುಷ್ಯ ಇಷ್ಟವಾದರು.

ಅವಳು ಹೋದ ಮೇಲೆ ನಾನೊಂದು ಉಪಾಯ ಮಾಡಿದೆ. ಹೊಸ ಆಲ್ಬಮ್ ಕೇಳಿದಾಗಲೆಲ್ಲ ಅದರ ವಿಷಯ ಅವಳಿಗೆ ಉದ್ದವಾಗಿ ಬರೆದು ಕಳಿಸುವುದು. ದನಿ ಹೇಗಿದೆ, ತಬಲ ಎಲ್ಲಿ ಸೇರಿಕೊಳ್ಳುತ್ತದೆ, ಎಲ್ಲಿ ಉಸಿರು ಕಟ್ಟಿದಂತಾಗುತ್ತದೆ, ಎಲ್ಲ. ಎರಡು ಡಿಸೆಂಬರ್ ಹೀಗೇ ಪಟ್ಟಿ ಬೆಳೆಸಿದೆವು. ನಾನು ಬರೆದದ್ದನ್ನು ಓದಿ ಅವಳು ಒಪ್ಪುತ್ತಿದ್ದಳು. ಒಂದು ಬೆಳಿಗ್ಗೆ ಅವಳಿಂದ ಹೀಗೊಂದು ಮೆಸೇಜ್ ಬಂತು: "ಇನ್ಮೇಲೆ ಹಾಡಿನ್ ವಿಷ್ಯ ಬರೀಬೇಡ ಕಣೇ. ನೀನು ಬರ್ದಷ್ಟೂ ನನ್ ತಲೇಲಿ ಅದು ಸೊಟ್ಟಗೆ ಕೇಳ್ತದೆ. ಬೇಜಾರ್ ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲಿಲ್ಲ ಎಂದು ಬರೆದೆ. ಸುಳ್ಳು. ಆಮೇಲೆ ನಮ್ಮ ನಡುವೆ ಉಳಿದದ್ದು ಯುಗಾದಿಗೆ, ರಂಜಾನಿಗೆ ಶುಭಾಶಯ, ಅವಳ ಮಗಳ ಫೋಟೋ, ನಮ್ಮ ಅಬ್ಬನ ಬಿ.ಪಿ. ವಿಚಾರ. ನಾನು ಆಲ್ಬಮ್‌ಗಳನ್ನು ಪೂರ್ತಿ ಕೇಳುವುದನ್ನು ಬಿಟ್ಟೆ. ಮೊದಲ ಹಾಡು ಕೇಳುವುದು, 'ಇದಕ್ಕೆ ಅವಳು ಏನೆನ್ನುತ್ತಿದ್ದಳೋ' ಎನ್ನಿಸುವುದು, ಆಫ್ ಮಾಡುವುದು. ಊಟದ ಹೊತ್ತಿನಲ್ಲಿ ಇಯರ್‌ಫೋನಿನ ಎಡ ತುದಿ ನನ್ನ ಕುತ್ತಿಗೆಯಿಂದ ಸುಮ್ಮನೆ ನೇತಾಡುತ್ತಿತ್ತು. ಎರಡೂ ಕಿವಿಗೆ ಹಾಕಿಕೊಂಡರೆ ತಲೆ ತುಂಬಿದ ಹಾಗಾಗುತ್ತಿತ್ತು, ಅಷ್ಟು ವರ್ಷ ಅರ್ಧ ಕೇಳಿಯೇ ಅಭ್ಯಾಸ.

ಕಳೆದ ವರ್ಷ ಅಂಗಡಿಗೆ ಸುಣ್ಣ ಬಳಿಸಬೇಕೆಂದು ಬೀರು ಖಾಲಿ ಮಾಡುತ್ತಿದ್ದಾಗ ಆ ಹಾಳೆ ಕಣ್ಣಿಗೆ ಬಿತ್ತು. 'ಟೀಚರ್' ಮೇಲಿನ ಗೀಟಿನ ಮಸಿ ಅಷ್ಟು ಹಳೆಯದಾದರೂ ಮಾಸಿರಲಿಲ್ಲ. ಅಂಗಡಿ ಮುಚ್ಚಿತ್ತು. ನೆಲದ ಮೇಲೆ ಲೆನ್ಸಿನ ಡಬ್ಬಿಗಳ ನಡುವೆ ಕೂತು ಆ ಆಲ್ಬಮ್ ಹುಡುಕಿ ಹಾಕಿದೆ.

ಒಂದು ಅಪಸ್ವರವೂ ಇರಲಿಲ್ಲ. ಆ ಹೆಂಗಸು ಒಂದು ಸ್ವರವನ್ನು ಹಿಡಿದು ನಿಲ್ಲಿಸಿದರೆ ಪಿಟೀಲು ಬಂದು ಅದರೊಳಗೇ ಸೇರಿಬಿಡುತ್ತಿತ್ತು, ಯಾವುದು ದನಿ ಯಾವುದು ತಂತಿ ಎಂದು ತಿಳಿಯದ ಹಾಗೆ. ಕಿವಿಯ ಡಾಕ್ಟರು ಅವತ್ತು ಹೇಳಿದ್ದ ಒಂದು ಮಾತು ನೆನಪಾಯಿತು. ನರ ಸೋಲುವಾಗ ಕೆಲವರಿಗೆ ಒಂದೇ ಸ್ವರ ಎರಡು ಕಿವಿಗೆ ಎರಡು ಥರ ಕೇಳುತ್ತದಂತೆ. ಅವಳು ಇಯರ್‌ಫೋನನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಯಿಸಿದ್ದು ನನ್ನ ಕಣ್ಣ ಮುಂದೆಯೇ. ನಾನು ನೋಡಿದ್ದೆ. ನನ್ನ ಆಲ್ಬಮ್ ಹೋಯಿತಲ್ಲ ಎಂಬ ನೋವಿನಲ್ಲಿ, ಅವಳಿಗೇನಾಗುತ್ತಿದೆ ಎಂದು ಒಂದು ಮಾತು ಕೇಳಿರಲಿಲ್ಲ.

ಮುಂದಿನ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಗೂಳೂರು ದಾಟುವವರೆಗೂ ಅವಳಿಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ.

ಅವಳ ಮನೆ ಗಿರಣಿಯ ಹಿಂದೆಯೇ. ಅವಳ ಗಂಡ ಹಿಟ್ಟು ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು, "ಬನ್ನಿ ಅಕ್ಕ, ಒಳಗವ್ಳೆ" ಎಂದು ದಾರಿ ಬಿಟ್ಟರು. ಗಿರಣಿಯ ಸದ್ದಿಗೆ ಗೋಡೆಯೇ ಅದುರುತ್ತಿತ್ತು. ಅವಳು ಹಿತ್ತಲ ಬಾಗಿಲಲ್ಲಿ ಬೆನ್ನು ತಿರುಗಿಸಿ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು. ಕಿವಿಯಲ್ಲಿ ಮಿಷನ್ ಇರಲಿಲ್ಲ. ನಾನು ಬಂದದ್ದು ತಿಳಿಯಲಿಲ್ಲ. ಅವಳು ಹಾಡುತ್ತಿದ್ದಳು.

ಕುಕ್ಕರ್ ಆಲ್ಬಮ್ಮಿನ ಮೂರನೆಯ ಹಾಡು. ಮೊದಲೆರಡು ಸಾಲು ಗುರುತು ಹಿಡಿದೆ. ಮೂರನೆಯ ಸಾಲು ಮೇಲೇರಬೇಕಾದ ಕಡೆ ಕೆಳಗಿಳಿಯಿತು. ಆಮೇಲಿನದು ಪೂರ್ತಿ ಬೇರೆಯೇ ರಾಗ. ತಾನು ಹಾಡುವುದು ತನಗೇ ಕೇಳದೆ, ನೆನಪಿನಿಂದ ಹಾಡುತ್ತಾ ಹಾಡುತ್ತಾ ವರ್ಷಗಳಲ್ಲಿ ಅದು ಹೀಗೆ ಸರಿದುಕೊಂಡಿತ್ತು. ಮಗಳು ಮಾತ್ರ ಅದನ್ನೇ ಸರಿ ಎಂದುಕೊಂಡು ಜೊತೆಗೆ ಗುನುಗುತ್ತಿದ್ದಳು. ನಾನು ಬಾಗಿಲ ಬಳಿ ನಿಂತೇ ಇದ್ದೆ. ತಿದ್ದಬೇಕು ಅನ್ನಿಸಲಿಲ್ಲ. ಮುಗಿಯುವವರೆಗೆ ಅವಳು ತಿರುಗದಿರಲಿ ಅನ್ನಿಸಿತು.

ಮಗು ನನ್ನನ್ನು ನೋಡಿ ಬೆರಳು ತೋರಿಸಿತು. ಅವಳು ತಿರುಗಿ, ಎದ್ದು, ನನ್ನ ಎರಡೂ ಕೈ ಹಿಡಿದುಕೊಂಡಳು. ಆಮೇಲೆ ಕಿಟಕಿಯಲ್ಲಿದ್ದ ಮಿಷನ್ ತೆಗೆದು ಹಾಕಿಕೊಂಡು ಗಂಡನಿಗೆ ಸನ್ನೆ ಮಾಡಿದಳು. ಗಿರಣಿ ನಿಂತಿತು.

ಕಾಫಿ ಆದ ಮೇಲೆ, ಅವಳ ಎದುರಿಗೆ ಕೂತು, ಬಾಯಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ: "ಆ ಟೀಚರ್ ಆಲ್ಬಮ್ ಇತ್ತಲ್ಲ, ಮತ್ತೆ ಕೇಳ್ದೆ. ಅದು ಸರಿಯಾಗೇ ಇತ್ತು ಕಣೇ. ನಾನು ಅವತ್ತು ನಿನ್ನ ಏನೂ ಕೇಳ್ಲಿಲ್ಲ. ನಂಗೆ ಗೊತ್ತಾಗ್ಬೇಕಿತ್ತು."

ಅವಳು ಲೋಟ ಕೆಳಗಿಟ್ಟಳು. "ಸರಿ ಇತ್ತು ಅಂತ ನಂಗೆ ಅವತ್ತೇ ಗೊತ್ತಿತ್ತು."

ನಾನು ಅವಳ ಮುಖ ನೋಡಿದೆ.

"ಬಲಗಿವಿಗೆ ಹಾಕ್ಕೊಂಡಾಗ ಸರಿಯಾಗ್ ಕೇಳ್ತು. ಎಡಕ್ಕೆ ತಂದ್ರೆ ಸೊಟ್ಟ. ತಪ್ಪು ಅವ್ರದಲ್ಲ, ನಂದು ಅಂತ ಗೊತ್ತಾಯ್ತು. ಭಯ ಆಗೋಯ್ತು ಕಣೇ. ಅಪಸ್ವರ ಅಂದ್ಬುಟ್ಟೆ. ನೀನು ಗೀಟು ಎಳ್ದಾಗ ಬೇಡ ಅನ್ಬೇಕು ಅಂತ ಬಾಯಿಗೆ ಬಂತು. ಬೇಡ ಅಂದ್ರೆ ಯಾಕೆ ಅಂತ ಹೇಳ್ಬೇಕಿತ್ತಲ್ಲ."

ಇಷ್ಟು ವರ್ಷ ಅದನ್ನು ಅವಳು ಒಬ್ಬಳೇ ಇಟ್ಟುಕೊಂಡಿದ್ದಳು. ನಾನು ಅತ್ತೆ. ಅವಳೂ ಅತ್ತಳು. ಮಗು ಇಬ್ಬರನ್ನೂ ನೋಡಿ ತಾನೂ ಅಳಲು ಬಾಯಿ ತೆರೆದಾಗ ಇಬ್ಬರೂ ನಕ್ಕೆವು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು. "ಹೆಂಗಿತ್ತು ಹೇಳು."

"ಬರೀಬೇಡ ಅಂದಿದ್ಯಲ್ಲ."

"ಬರೀಬೇಡ ಅಂದೆ. ಹೇಳ್ಬೇಡ ಅನ್ಲಿಲ್ಲ. ನೀನು ಹೇಳುವಾಗ ನಿನ್ ಮುಖ ಕಾಣ್ತದೆ."

ಹೇಳಿದೆ. ಏಳು ಹಾಡು, ಒಂದೊಂದಾಗಿ. ಪಿಟೀಲು ದನಿಯೊಳಗೆ ಸೇರುವ ಜಾಗವನ್ನು ಹೇಳಲು ಮಾತು ಸಾಲದೆ ನನ್ನ ಎರಡು ಅಂಗೈಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದೆ. ಅವಳು ಕಣ್ಣು ಕದಲಿಸದೆ ನೋಡುತ್ತಿದ್ದಳು. ಐದನೆಯ ಹಾಡಿನ ಹೊತ್ತಿಗೆ, "ಇಲ್ಲಿ ಪಿಟೀಲು ಇಲ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದಳು. ಮನೆಗೆ ಹೋಗಿ ಕೇಳಿ ನೋಡಿದೆ. ಅವಳು ಹೇಳಿದ್ದು ಸರಿ.

ಈಗ ತಿಂಗಳಿಗೊಂದು ಭಾನುವಾರ ಕುಣಿಗಲ್ಲಿಗೆ ಹೋಗುತ್ತೇನೆ. ಹೋಗುವ ಮುಂಚೆ ಒಂದು ಆಲ್ಬಮ್ಮನ್ನು ನಾಲ್ಕೈದು ಸಲ ಕೇಳಿಕೊಂಡಿರುತ್ತೇನೆ, ಪರೀಕ್ಷೆಗೆ ಓದುವವರ ಹಾಗೆ. ಕೆಲವು ಭಾನುವಾರ ಅವಳು ಆಸೆಯಿಂದ ಕೇಳುತ್ತಾಳೆ. ಕೆಲವು ಸಲ ಎರಡನೆಯ ಹಾಡಿಗೇ ಕೈ ಎತ್ತಿ, "ಇವತ್ತು ಬೇಡ" ಎನ್ನುತ್ತಾಳೆ. ಆಗ ಮಗಳ ಸ್ಕೂಲಿನ ಮಾತು, ಸೊಪ್ಪು ಬಿಡಿಸುವ ಕೆಲಸ. ಕಿವಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇದೆ. ಹೋದ ತಿಂಗಳು, ಬಂದಿರುವುದು ನಾನು ಎಂದು ನನ್ನ ಹೆಸರನ್ನು ನಾನೇ ಮೂರು ಸಲ ಕೂಗಿ ಹೇಳಬೇಕಾಯಿತು.

ಇದನ್ನೆಲ್ಲ ಹೇಳಿಕೊಳ್ಳಲು ಅವಳು ಸಿಗುತ್ತಿದ್ದಾಳಲ್ಲ, ಅಷ್ಟು ಸಾಕು ಎಂದು ಮನೆಯಲ್ಲಿ ನಮ್ಮ ಅಮ್ಮಿ ಹೇಳುತ್ತಾರೆ. ಸಾಕು ಎಂದು ನಾನೂ ತಲೆಯಾಡಿಸುತ್ತೇನೆ. ಆದರೆ ವಾಪಸ್ ಬರುವ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೆ, ಒಂದು ಹೊಸ ಹಾಡು ಶುರುವಾದ ಕ್ಷಣದಲ್ಲೇ ಯಾರಾದರೂ ನನ್ನ ತೋಳು ಹಿಡಿದು, "ತಾಳು, ತಾಳು, ಇದನ್ನ ಕೇಳು" ಎನ್ನಬೇಕು ಅನ್ನಿಸುತ್ತದೆ. ಆಮೇಲೆ ಹೇಳುವುದಲ್ಲ, ಆಗಲೇ, ಇಬ್ಬರಿಗೂ ಒಟ್ಟಿಗೆ ಕೇಳುತ್ತಿರುವಾಗಲೇ. ಬೇರೆ ಯಾರಾದರೂ ಹಾಗೆ ಹಿಡಿದರೆ ಆಗುವುದಿಲ್ಲ ಎಂಬುದೂ ನನಗೆ ಗೊತ್ತು.